ನಾವು ನೋಡಿದ ಚಿತ್ರಗಳು, ನಮಗೆ ಸಿಗದ ಆಟಗಳು

೨೦೨೨ನೇ ಇಸವಿ ಕನ್ನಡ ಚಿತ್ರಗಳಿಗೆ ಸುಗ್ಗಿಯ ವರ್ಷವಾಗಿತ್ತು. ಪಾಳಿ ಹೊಂದಿಸಿಕೊಂಡು ಆ ವರ್ಷದ ಮೂರು ಚಿತ್ರಗಳನ್ನು ನಾವು ಮುಂಬಯಿಯಲ್ಲಿ ನೋಡಿದೆವು. ವಿಮರ್ಶಕರ ಮಾತು ಬೇರೆ, ದುಡಿಯುವವನ ಕಣ್ಣಿಗೆ ಕಾಣುವುದು ಬೇರೆ.

ಏಪ್ರಿಲಿನಲ್ಲಿ ಬಂದ 'ಕೆ.ಜಿ.ಎಫ್.' ಎರಡನೆಯ ಭಾಗದಲ್ಲಿ ಅಬ್ಬರವೇ ಹೆಚ್ಚು. ಮುಂಬಯಿಯ ಬೀದಿಯಲ್ಲಿ ಬೂಟು ಪಾಲಿಶು ಮಾಡಿ ಬೆಳೆದ ಹುಡುಗ ಚಿನ್ನದ ಗಣಿಗೆ ಒಡೆಯನಾಗುತ್ತಾನೆ. ನಮ್ಮ ಹುಡುಗರು ಸಿಳ್ಳೆ ಹಾಕಿದರು, ಹಾಕಲಿ. ಆದರೆ ೨೦೦೧ರಲ್ಲಿ ಮುಚ್ಚಿದ ನಿಜವಾದ ಕೋಲಾರದ ಗಣಿಯಲ್ಲಿ ದುಡಿದವರ ಕಥೆ ಅದರಲ್ಲಿಲ್ಲ. ಗಿರಣಿ ಮುಚ್ಚಿದ್ದನ್ನು ಕಂಡವರಿಗೆ ಆ ಕೊರತೆ ತೋರದೆ ಇರದು.

ಜೂನಿನ '೭೭೭ ಚಾರ್ಲಿ'ಯ ನಾಯಕ ಕಾರ್ಖಾನೆಯ ಕೆಲಸಗಾರ, ಒಂಟಿ. ಅವನಿಗೊಂದು ನಾಯಿ ಜೊತೆಯಾಗುತ್ತದೆ. ಮನೆಮಂದಿಯನ್ನು ಊರಲ್ಲಿ ಬಿಟ್ಟು ಹೋಟೆಲಿನ ಮಾಳಿಗೆಯಲ್ಲಿ ಮಲಗುವವರಿಗೆ ಆ ಒಂಟಿತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆ ಸ್ವಲ್ಪ ಉದ್ದವಾಯಿತು.

ಸೆಪ್ಟೆಂಬರ್ ೩೦ರಂದು ಬಂದ 'ಕಾಂತಾರ'ದ ಮಾತೇ ಬೇರೆ. ಕುಂದಾಪುರ ಕಡೆಯ ಕೆರಾಡಿಯವರಾದ ರಿಷಬ್ ಶೆಟ್ಟರು ತಮ್ಮ ಊರಿನಲ್ಲೇ ತೆಗೆದ ಚಿತ್ರವಿದು. ಅರಸ ದೈವಕ್ಕಾಗಿ ಕೊಟ್ಟ ಭೂಮಿಯನ್ನು ಅವನ ಸಂತತಿಯವರು ಮರಳಿ ಕೇಳುವುದು, ಧಣಿಯೇ ಅದನ್ನು ಉಪಾಯದಿಂದ ತನ್ನ ಹೆಸರಿಗೆ ಬರೆಸಿಕೊಳ್ಳುವುದು, ಇವೆಲ್ಲ ನಮಗೆ ಹೊಸತಲ್ಲ. ನಾವು ಅದನ್ನು ನೋಡಿದ್ದು ಲೋವರ್ ಪರೇಲಿನ ಮಾಲೊಂದರಲ್ಲಿ. ಒಂದಾನೊಂದು ಕಾಲದಲ್ಲಿ ಅಲ್ಲಿ ಗಿರಣಿಯಿತ್ತು. ೧೯೮೨ರ ಜನವರಿ ೧೮ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಅಂಗಡಿ ಕಚೇರಿಗಳು ಎದ್ದವು. ನಮ್ಮೊಡನೆ ಬಂದ ಹಳೆಯ ಗಿರಣಿ ಕಾರ್ಮಿಕರೊಬ್ಬರು ಮಧ್ಯಂತರದಲ್ಲಿ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಆದರೂ ನ್ಯಾಯವನ್ನು ದೈವದ ಕೈಗೇ ಒಪ್ಪಿಸಿಬಿಟ್ಟದ್ದಕ್ಕೆ ನಮ್ಮ ಪೂರ್ಣ ಒಪ್ಪಿಗೆಯಿಲ್ಲ. ದೈವ ಮೈಮೇಲೆ ಬರುವ ತನಕ ಕಾಯುವುದಾದರೆ ಸಂಘವೇಕೆ?

ನಮ್ಮ ತಕರಾರು ಚಿತ್ರದ ಮೇಲಲ್ಲ, ಆಟಗಳ ಮೇಲೆ. ಅಕ್ಟೋಬರ್ ೧೪ರಂದು ಹಿಂದಿ ಮಾತು ಕೂಡಿಸಿದ ಪ್ರತಿ ಬಂದದ್ದೇ, ನಮ್ಮ ಸಮೀಪದ ಚಿತ್ರಮಂದಿರಗಳಲ್ಲಿ ಹಗಲಿನ ಆಟಗಳೆಲ್ಲ ಹಿಂದಿಯ ಪಾಲಾದವು. ಕನ್ನಡಕ್ಕೆ ಉಳಿದದ್ದು ರಾತ್ರಿ ಹತ್ತರ ಮೇಲಿನ ಆಟ. ೨೦೨೫ರಲ್ಲಿ ಅದರ ಹಿಂದಿನ ಕಥೆಯ ಚಿತ್ರ ಬಂದಾಗಲೂ ನಮ್ಮ ಪಾಡು ಅದೇ ಆಯಿತು. ತಾಯಿ ಶಿವನನ್ನು ಬೈಯುವುದು ಹಿಂದಿಯಲ್ಲಿ ಬರೀ ಬೈಗುಳ. ಕರಾವಳಿಯ ಕನ್ನಡದಲ್ಲಿ ಅದು ಅಕ್ಕರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಹಿಂದಿಯಲ್ಲಿ ನೋಡಿ ಬಂದು ನಮ್ಮೂರ ಕಥೆಯನ್ನು ನಮಗೇ ಹಿಂದಿಯಲ್ಲಿ ಹೇಳಿದರು.

ಹಿಂದೆ ಮಾಟುಂಗದ ಅರೋರಾದಲ್ಲಿ ದಕ್ಷಿಣದ ಭಾಷೆಗಳ ಚಿತ್ರಗಳು ನಡೆಯುತ್ತಿದ್ದವು. ಈಗಲೂ ನಾಲ್ಕಾರು ಸಂಘಗಳು ಸೇರಿ ಒಂದು ಇಡೀ ಆಟವನ್ನು ಮುಂಗಡ ಗೊತ್ತುಮಾಡಿದರೆ ಯಾವ ಚಿತ್ರಮಂದಿರದವರೂ ಒಲ್ಲೆನ್ನಲಾರರು. ಭಾನುವಾರ ಬೇಡ, ಹೋಟೆಲುಗಳಲ್ಲಿ ಅಂದೇ ಗಿರಾಕಿಗಳ ನೂಕುನುಗ್ಗಲು. ವಾರದ ನಡುವೆ ಊಟದ ಹೊತ್ತು ಮುಗಿದ ಮೇಲಿನ ಆಟವಾಗಲಿ. ಬರುವ ಸಭೆಯಲ್ಲಿ ಸದಸ್ಯ ಬಂಧುಗಳು ಈ ವಿಷಯವನ್ನು ಎತ್ತಬೇಕು. ಟಿಕೇಟಿನ ದರ ಕ್ಲೀನರ್ ಹುಡುಗನ ಕೈಗೆ ಎಟಕುವಂತಿರಬೇಕೆಂಬುದನ್ನೂ ಅಲ್ಲಿಯೇ ಗೊತ್ತುಪಡಿಸಬೇಕು.