ನಾಯಿಯ ಕಾಲಿಗೂ ಒಂದು ಕಾಲೊರಸು

ಹೊರಗಿನಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು ಎಂಬುದು ನಮ್ಮ ಹಳ್ಳಿಮನೆಗಳ ಹಳೆಯ ರೂಢಿ. ನಾಯಿಗೆ ಮಾತ್ರ ಆ ನಿಯಮ ಬೇಕಿರಲಿಲ್ಲ. ಅದರ ಜಾಗ ಅಂಗಳ, ಹಿತ್ತಿಲು, ಹೆಚ್ಚೆಂದರೆ ಜಗಲಿ. ಈಗ ಬೆಂಗಳೂರು, ಮೈಸೂರಿನ ಫ್ಲ್ಯಾಟುಗಳಲ್ಲಿ ಅದೇ ನಾಯಿ ಸೋಫಾದ ಮೇಲೆ ಮಲಗುತ್ತದೆ, ಮಕ್ಕಳ ಹಾಸಿಗೆ ಹತ್ತುತ್ತದೆ. ಅದನ್ನು ಒಳಗೆ ಕರೆದುಕೊಂಡವರು ಒಳಗಿನ ರೂಢಿಯನ್ನು ಕಲಿಸಲಿಲ್ಲ. ಮಳೆಗಾಲದ ಸಂಜೆ ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡಿದಾಗ ಏಟು ಬೀಳುವುದು ಅದರ ಬೆನ್ನಿಗೆ.

ಇದು ಅನ್ಯಾಯ.

ಹೊಡೆತ ತಿಂದ ನಾಯಿಗೆ ಕೆಸರಿಗೂ ಏಟಿಗೂ ಇರುವ ನಂಟು ಹೊಳೆಯುವುದಿಲ್ಲ. ಬಾಗಿಲ ಬಳಿ ಬರುವುದಕ್ಕೇ ಅಂಜುತ್ತದೆ. ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲೇ ಇಲಿಗಳ ಮೂಲಕ ತೋರಿಸಿಕೊಟ್ಟಿದ್ದರು. ಕಾಲು ಒರೆಸುವುದನ್ನು ಕಲಿಸಲು ಬೇಕಾದದ್ದೂ ಅಷ್ಟೇ. ಕೆರೆಯುವುದು ನಾಯಿಯ ಹುಟ್ಟುಗುಣ. ಬಾಗಿಲ ಹೊರಗೆ ನಾರಿನ ಕಾಲೊರಸು ಹಾಸಿ, ಅದರ ಅಂಚಿನಡಿ ಬೇಯಿಸಿದ ಕೋಳಿಯ ಒಂದು ಚೂರು ಅಡಗಿಸಿದರೆ ಅದು ಮುಂಗಾಲಿನಿಂದ ಕೆರೆಯತೊಡಗುತ್ತದೆ. ಆ ಕ್ಷಣದಲ್ಲೇ ‘ಒರೆಸು’ ಎನ್ನಬೇಕು, ಇನ್ನೊಂದು ಚೂರು ಕೈಯಿಂದ ಕೊಡಬೇಕು. ತಡವಾಗಿ ಕೊಟ್ಟರೆ ಯಾವ ಕೆಲಸಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಕೆಲವು ದಿನಗಳಲ್ಲಿ ಅಡಗಿಸುವುದನ್ನು ಬಿಟ್ಟು ಮಾತಿನಿಂದಲೇ ಮಾಡಿಸಬಹುದು. ದಿನಕ್ಕೆ ಐದು ನಿಮಿಷ ಸಾಕು, ಆದರೆ ಮನೆಯವರೆಲ್ಲರದೂ ಒಂದೇ ಮಾತಾಗಿರಬೇಕು. ಅಪ್ಪ ‘ಒರೆಸು’, ಮಗಳು ‘ವೈಪ್’, ಅಜ್ಜಿ ‘ಕಾಲು ಕೊಡೋ’ ಎಂದರೆ ಪಾಪ, ಅದು ಯಾವುದನ್ನು ಕೇಳಬೇಕು? ಹಿಂಗಾಲುಗಳನ್ನಂತೂ ಮನುಷ್ಯರೇ ಒರೆಸಬೇಕು. ಅದಕ್ಕಾಗಿ ಮೈ ಮುಟ್ಟಿಸಿಕೊಂಡು ಸುಮ್ಮನೆ ನಿಲ್ಲುವುದನ್ನು ಮರಿಯಿದ್ದಾಗಲೇ ರೂಢಿಸುವುದು ಲೇಸು.

ನಾಯಿಯ ಪಾದವೆಂದರೆ ಕೊಳಕಿನ ಮೂಟೆ ಎಂದು ಮೂಗು ಮುರಿಯುವವರೂ ಇದ್ದಾರೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 25 ಸಹಾಯಕ ನಾಯಿಗಳನ್ನೂ 25 ಸಾಕುನಾಯಿಗಳನ್ನೂ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿ ಬೇರೆಯದೇ ಹೇಳಿತು: ನಾಯಿಗಳ ಪಾದಗಳಿಗಿಂತ ಅವುಗಳ ಜೊತೆ ನಡೆದವರ ಶೂಗಳ ಅಡಿಯಲ್ಲೇ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ಹಾಗೆಂದು ನಮ್ಮ ಮಳೆಗಾಲದಲ್ಲಿ ಉದಾಸೀನ ಸಲ್ಲದು. ಇಲಿಗಳ ಮೂತ್ರ ಬೆರೆತ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಾಯಿಗೆ ಅದರ ಲಸಿಕೆ ಇದೆ. ಬೆರಳ ಸಂದಿಯಲ್ಲಿ ಉಣ್ಣೆ ಕಚ್ಚಿ ಕೂತಿರುವುದು ಕಣ್ಣಿಗೆ ಬೀಳುವುದೂ ಒರೆಸುವಾಗಲೇ. ಒರೆಸಲು ಬರೀ ನೀರು, ಒಣಬಟ್ಟೆ ಸಾಕು. ಸಂದಿಯಲ್ಲಿ ತೇವ ಉಳಿದರೆ ಚರ್ಮ ಹುಣ್ಣಾಗುತ್ತದೆ. ಫಿನಾಯಿಲ್ ಬೆರೆತ ನೀರಂತೂ ಬೇಡವೇ ಬೇಡ, ನಾಯಿ ತನ್ನ ಪಾದವನ್ನು ನೆಕ್ಕಿಕೊಳ್ಳುತ್ತದೆ.

ನಾಯಿ ಸಾಕಿದವರು ಈ ಮಳೆಗಾಲಕ್ಕೆ ಮೊದಲು ಹೊಸ್ತಿಲಾಚೆ ಒಂದು ಕಾಲೊರಸು, ಗೂಟಕ್ಕೆ ಒಂದು ಹಳೆಯ ಟವೆಲ್ ಇಟ್ಟುಕೊಳ್ಳಲಿ. ಕೆಸರು ಮೂಡಿದ ದಿನ ನೆಲ ಒರೆಸಲಿ, ನಾಯಿಗೆ ಹೊಡೆಯದಿರಲಿ.