ಎಂಬಿಎ ಕನಸಿನ ಹೆಸರಲ್ಲಿ ಕನ್ನಡದ ಹುಡುಗರ ಸುಲಿಗೆ!



ನಾನು ಕೊಲ್ಲೂರಿನಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಲಾಡ್ಜಿನ ಬಿಲ್ ಬುಕ್ಕು, ಸೊಸೈಟಿಯ ವಾರ್ಷಿಕ ವರದಿ, ಇವೇ ನನ್ನ ಹೊಟ್ಟೆಪಾಡು. ಎಂಬಿಎ ಪ್ರವೇಶ ಪರೀಕ್ಷೆಯ ಬಗ್ಗೆ ಬರೆಯಲು ಇವನಿಗೆಂಥ ಅರ್ಹತೆ ಎಂದು ನೀವು ಕೇಳಬಹುದು. ಕೇಳಿ! ನಿಮಗೆ ಸಾವಿರಾರು ರೂಪಾಯಿಗೆ ಮಾರುವ 'ಸ್ಟಡಿ ಮೆಟೀರಿಯಲ್' ಇದೆಯಲ್ಲ, ಅದನ್ನು ಅಚ್ಚು ಹಾಕಿ ಹೊಲಿದು ಕೊಡುವವರು ನನ್ನಂಥವರೇ. ಅಡುಗೆ ಮನೆಯ ಗುಟ್ಟು ಊಟಕ್ಕೆ ಕೂತವನಿಗೆ ಗೊತ್ತಿರುವುದಿಲ್ಲ. ಬಡಿಸುವವನಿಗೆ ಗೊತ್ತಿರುತ್ತದೆ.

ಹೋದ ಮಳೆಗಾಲ ವಂಡ್ಸೆ ಕಡೆಯ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಮುಗಿಸಿದವನು. ಕೈಯಲ್ಲಿ ಒದ್ದೆಯಾದ ಜೆರಾಕ್ಸ್ ಕಟ್ಟು. "ಹ್ವಾಯ್ ಅಣ್ಣ, ಇದೊಂದ್ ಬೈಂಡ್ ಮಾಡಿ ಕೊಡ್ತ್ರ್ಯಾ?" ಎಂದ. ನೋಡಿದರೆ ಕ್ಯಾಟ್ ಪರೀಕ್ಷೆಯ ಪುಸ್ತಕದ ನಕಲು. ಪೇಟೆಯ ಕೋಚಿಂಗ್ ಸೆಂಟರಿಗೆ 42 ಸಾವಿರ ಕಟ್ಟಿದ್ದಾನೆ. ಅಮ್ಮನ ಸರ ಸೊಸೈಟಿಯಲ್ಲಿ ಅಡವು. ಅವರು ಕೊಟ್ಟ ಪುಸ್ತಕದಲ್ಲಿ ಉತ್ತರಗಳೇ ತಪ್ಪು ಎಂದು ಗೆಳೆಯನ ಪುಸ್ತಕ ತಂದು ಮತ್ತೆ ಜೆರಾಕ್ಸ್ ಮಾಡಿಸಿದ್ದಾನೆ. "ಲೆಕ್ಕ ಬತ್ತ್ ಅಣ್ಣ, ಆರೆ ಆ ಇಂಗ್ಲಿಷ್ ಓದಿ ಮುಗಿಸುಕೆ ಆತಿಲ್ಲ" ಎಂದ.

ನಾನು ಮಷಿನ್ ನಿಲ್ಲಿಸಿ ಅವನಿಗೊಂದು ಲೆಕ್ಕ ಕೊಟ್ಟೆ. ನನ್ನಲ್ಲಿ ಎರಡು ಮಷಿನ್ ಇವೆ. ಒಂದು ಕೆಲಸವನ್ನು ಒಂದು ಮಷಿನ್ 4 ಗಂಟೆಯಲ್ಲಿ ಮುಗಿಸುತ್ತದೆ, ಇನ್ನೊಂದು 6 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಓಡಿಸಿದರೆ ಎಷ್ಟು ಹೊತ್ತು? ಹುಡುಗ ಕಾಗದ ಮುಟ್ಟಲಿಲ್ಲ. "2 ಗಂಟೆ 24 ನಿಮಿಷ" ಎಂದ. ಅವನದೇ ಕಟ್ಟಿನಿಂದ ಇದೇ ಜಾತಿಯ ಲೆಕ್ಕವನ್ನು ಇಂಗ್ಲಿಷಿನಲ್ಲಿ ತೋರಿಸಿದೆ. ಆರು ಸಾಲಿನ ಪ್ರಶ್ನೆ. ಎರಡು ಸಲ ಓದಿದ, ಮೂರನೇ ಸಲ ಓದಿದ, ಬೆವರಿದ. ಇವನು ದಡ್ಡನೇ? ನೀವೇ ಹೇಳಿ!

ಈಗ ಪುಸ್ತಕದ ಕಥೆಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಕೋಚಿಂಗ್ ಸೆಂಟರಿನವರು ನನ್ನಲ್ಲಿಗೆ ಬಂದಿದ್ದರು. ಊರು ಹೆಸರು ಬೇಡ. ಹಳೇ ಬ್ಯಾಚಿನ 300 ಸೆಟ್ ಪುಸ್ತಕ ಉಳಿದಿತ್ತು. "ಒಳಗಿನ ಪುಟ ಮುಟ್ಟಬೇಡಿ, ರಟ್ಟು ಕಿತ್ತು ಹೊಸ ಇಸವಿಯ ರಟ್ಟು ಹಾಕಿ ಕೊಡಿ" ಎಂದರು. ಹಾಕಿ ಕೊಟ್ಟೆ. ಸೆಟ್ಟಿಗೆ 60 ರೂಪಾಯಿ ಬಿಲ್ಲು ಮಾಡಿದೆ. ಪಾಪದಲ್ಲಿ ನನ್ನದೂ ಪಾಲಿದೆ, ಮುಚ್ಚಿಡುವುದಿಲ್ಲ. ಒಳಗೆ ಪರೀಕ್ಷೆ ಮೂರು ಗಂಟೆಯದು, 100 ಪ್ರಶ್ನೆ ಎಂದೇ ಅಚ್ಚಾಗಿತ್ತು. ಆದರೆ ಕ್ಯಾಟ್ 2020ರಲ್ಲೇ ಎರಡು ಗಂಟೆಗೆ ಇಳಿದಾಗಿತ್ತು. ಆ ವರ್ಷ 76 ಪ್ರಶ್ನೆ, ಮರುವರ್ಷ 66, 2024ರಲ್ಲಿ 68. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ, ಒಂದರ ಸಮಯ ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಹಳೇ ಅಳತೆಯಲ್ಲಿ ಅಭ್ಯಾಸ ಮಾಡಿದ ಹುಡುಗ ಪರೀಕ್ಷಾ ಕೋಣೆಯಲ್ಲಿ ಏನಾಗಬೇಕು?

ಆದ್ದರಿಂದ ಪುಸ್ತಕ ಕೊಳ್ಳುವ ಮುಂಚೆ ರಟ್ಟು ನೋಡಬೇಡಿ. ರಟ್ಟು ನಾವು ಮಾಡುವುದು! ಒಳಗಿನ ಎರಡನೇ ಪುಟ ತಿರುಗಿಸಿ. ಯಾರು ಬರೆದದ್ದು, ಎಷ್ಟನೇ ಮುದ್ರಣ, ಯಾವ ಇಸವಿ ಎಂಬುದು ಅಲ್ಲಿರಬೇಕು. ಏನೂ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಒಂದು ಅಧ್ಯಾಯಕ್ಕೆ ಒಂದು ಅಕ್ಷರ, ಇನ್ನೊಂದಕ್ಕೆ ಇನ್ನೊಂದು ಅಕ್ಷರ, ಪುಟ ಸಂಖ್ಯೆ ಮಧ್ಯದಲ್ಲಿ ಹಾರಿದೆ ಎಂದರೆ ಅದು ನಾಲ್ಕು ಕಡೆಯಿಂದ ಕದ್ದು ಹೊಲಿದದ್ದು. ಇಪ್ಪತ್ತು ವರ್ಷದ ಕಣ್ಣು ನನ್ನದು, ಸುಳ್ಳು ಹೇಳುವುದಿಲ್ಲ. ಆಮೇಲೆ ಯಾವುದಾದರೂ ಹತ್ತು ಲೆಕ್ಕ ಅಲ್ಲೇ ನಿಂತು ಮಾಡಿ ಹಿಂದಿನ ಉತ್ತರದ ಜೊತೆ ಹೋಲಿಸಿ. ಎರಡು ತಪ್ಪಿದ್ದರೆ ಉಳಿದ ಸಾವಿರದಲ್ಲಿ ಎಷ್ಟು ತಪ್ಪಿರಬಹುದು ಎಂದು ಲೆಕ್ಕ ಹಾಕುವುದು ಶೇಕಡಾವಾರು ಅಧ್ಯಾಯಕ್ಕೇ ಸೇರಿದ್ದು!

ಹ್ಯಾಂಡ್‌ಬಿಲ್ಲಿನಲ್ಲಿ ಮೊದಲ ಸ್ಥಾನ ಬಂದವರ ಫೋಟೋಗಳಿರುತ್ತವಲ್ಲ, ಒಂದೇ ಮುಖವನ್ನು ಎರಡು ಬೇರೆ ಬೇರೆ ಸೆಂಟರುಗಳ ಹ್ಯಾಂಡ್‌ಬಿಲ್ಲಿಗೆ ನಾನೇ ಅಚ್ಚು ಹಾಕಿದ್ದೇನೆ. ಆ ಪುಣ್ಯಾತ್ಮ ಯಾರಲ್ಲಿ ಓದಿದನೋ ಮೂಕಾಂಬಿಕೆಗೇ ಗೊತ್ತು. ಈ ಆಟ ಈಗ ಕಾನೂನಿಗೆ ವಿರುದ್ಧ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ನಿಯಮ ತಂದಿದೆ. ಪಾಸಾದವನ ಒಪ್ಪಿಗೆ ಪಡೆಯದೆ ಅವನ ಫೋಟೋ ಹಾಕುವಂತಿಲ್ಲ. ಅವನು ತಗೊಂಡದ್ದು ಯಾವ ಕೋರ್ಸು, ಎಷ್ಟು ದಿನದ್ದು, ದುಡ್ಡು ಕೊಟ್ಟು ಓದಿದ್ದೋ ಬಿಟ್ಟಿ ಸಂದರ್ಶನ ತರಬೇತಿಯೋ ಎಂಬುದನ್ನು ಹೇಳಲೇಬೇಕು. ಮೋಸ ಹೋದರೆ 1915 ನಂಬರಿಗೆ ಫೋನ್ ಮಾಡಿ. ರಸೀದಿ ಮಾತ್ರ ಬಿಡಬೇಡಿ. ರಸೀದಿ ಕೊಡದವನ ಕ್ಲಾಸಿಗೆ ಹೋಗಲೇಬೇಡಿ. ದುಡ್ಡು ಕಟ್ಟುವ ಮುಂಚೆ ಎರಡು ದಿನ ಕ್ಲಾಸಿನಲ್ಲಿ ಕೂತು ನೋಡುತ್ತೇನೆ ಎನ್ನಿ. ಕೂರಲು ಬಿಡದವನು ಏನನ್ನೋ ಬಚ್ಚಿಡುತ್ತಿದ್ದಾನೆ.

ಇನ್ನು ಎಲ್ಲಕ್ಕಿಂತ ದೊಡ್ಡ ಬಲೆ 'ಕಾಂಬೋ ಪ್ಯಾಕ್'. ಕ್ಯಾಟ್, ಮ್ಯಾಟ್, ಸಿಮ್ಯಾಟ್, ಕೆಮ್ಯಾಟ್, ಪಿಜಿಸಿಇಟಿ ಎಲ್ಲಾ ಒಂದೇ ಚೀಲದಲ್ಲಿ! ಐದು ಪರೀಕ್ಷೆ ಯಾರಿಗೆ ಬೇಕು ಮಾರಾಯರೆ? ಮೊದಲು ನೀವು ಎಲ್ಲಿಗೆ ಹೋಗುವವರು ಎಂದು ತೀರ್ಮಾನಿಸಿ. ಐಐಎಂ ಬೇಕು ಎಂದರೆ ಕ್ಯಾಟ್. 2024ರಲ್ಲಿ ಅದನ್ನು ಬರೆದವರು ಸುಮಾರು 2.93 ಲಕ್ಷ ಜನ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸುಲಭ ಅಲ್ಲ. ಬರೆಯಬೇಡಿ ಎನ್ನುತ್ತಿಲ್ಲ, ಬರೆಯಿರಿ. ಆದರೆ ಮಂಗಳಗಂಗೋತ್ರಿ, ಶಂಕರಘಟ್ಟ, ಮೈಸೂರಿನ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆ, ಹೀಗೆ ನಮ್ಮದೇ ವಿಶ್ವವಿದ್ಯಾಲಯಗಳಲ್ಲಿ ಎಂಬಿಎ ಇದೆ. ಆ ದಾರಿಗೆ ಪಿಜಿಸಿಇಟಿ ಸಾಕು. 100 ಪ್ರಶ್ನೆ, 2 ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಮತ್ತು ಉತ್ತರ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುತ್ತವೆ. ಬಿಟ್ಟಿ ಸಿಗುವುದನ್ನೇ ರಟ್ಟು ಹಾಕಿ ನಿಮಗೆ ಮಾರುತ್ತಿದ್ದಾರೆ!

ಲೆಕ್ಕಕ್ಕೆ ದುಬಾರಿ ಪುಸ್ತಕ ಏಕೆ? ಲಾಭ ನಷ್ಟ, ಶೇಕಡಾವಾರು, ಅನುಪಾತ, ಚಕ್ರಬಡ್ಡಿ, ಕಾಲ ಮತ್ತು ಕೆಲಸ, ಇವೆಲ್ಲಾ ನಮ್ಮ ಸರ್ಕಾರಿ ಶಾಲೆಯ ಕನ್ನಡ ಗಣಿತ ಪುಸ್ತಕಗಳಲ್ಲಿ ಇವೆ. ತಮ್ಮನದೋ ತಂಗಿಯದೋ ಪುಸ್ತಕ ತಗೊಂಡು ಬುಡದಿಂದ ಕನ್ನಡದಲ್ಲೇ ಕಲಿಯಿರಿ. ವಿಷಯ ಗಟ್ಟಿಯಾದ ಮೇಲೆ ಇಂಗ್ಲಿಷಿನ ಪ್ರಶ್ನೆಯನ್ನು ಬಿಡಿಸುವುದು ಬರೀ ಅಭ್ಯಾಸ. ವಿಷಯವೂ ಹೊಸತು ಭಾಷೆಯೂ ಹೊಸತು ಆದರೆ ಎರಡೂ ಕೈಗೆ ಸಿಗುವುದಿಲ್ಲ. ಇಂಗ್ಲಿಷನ್ನು ದ್ವೇಷಿಸಿ ಎಂದು ನಾನು ಹೇಳುವವನಲ್ಲ. 2024ರ ಕ್ಯಾಟ್‌ನಲ್ಲಿ ಇಂಗ್ಲಿಷಿನ 24 ಪ್ರಶ್ನೆಗಳಲ್ಲಿ 16 ಪ್ರಶ್ನೆ ದೊಡ್ಡ ದೊಡ್ಡ ಲೇಖನ ಓದಿ ಉತ್ತರಿಸುವಂಥವು. ಅದಕ್ಕೆ ಶಬ್ದಗಳ ಪಟ್ಟಿ ಉರು ಹೊಡೆದರೆ ಪ್ರಯೋಜನವಿಲ್ಲ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಬರೆಯಲು ಬಂದರೆ ಅರ್ಥವಾಗಿದೆ, ಬಾರದಿದ್ದರೆ ಆಗಿಲ್ಲ. ವಂಡ್ಸೆಯ ಹುಡುಗನಿಗೂ ನಾನು ಹೇಳಿದ್ದು ಇದನ್ನೇ.

ಇಲ್ಲಿಯವರೆಗೆ ಹೇಳಿದ್ದು ನೀವು ಮಾಡಬೇಕಾದ್ದು. ಇನ್ನು ಸರ್ಕಾರವನ್ನು ಕೇಳಬೇಕಾದ್ದು.

ಡಾಕ್ಟರಾಗುವ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲಿ ಇದೆ. ಎಂಜಿನಿಯರಿಂಗಿನ ಜೆಇಇ ಮೇನ್ 2021ರಿಂದ ಕನ್ನಡದಲ್ಲಿ ಇದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲೂ ನಡೆಸುವುದಾಗಿ 2019ರಲ್ಲಿ ಕೇಂದ್ರವೇ ಪ್ರಕಟಿಸಿತು. ಇವೆಲ್ಲಾ ದೆಹಲಿಯವರು ನಡೆಸುವ ಪರೀಕ್ಷೆಗಳು! ಆದರೆ ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮಲ್ಲೇಶ್ವರದಲ್ಲಿ ಕೂತು ನಡೆಸುವ ಎಂಬಿಎ ಪಿಜಿಸಿಇಟಿ ಮಾತ್ರ ಇಂಗ್ಲಿಷಿನಲ್ಲಿ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಾತಿಗೆ ಕಡ್ಡಾಯ ಕನ್ನಡ ಪರೀಕ್ಷೆ ಮಾಡಿದ್ದು ಇದೇ ಪ್ರಾಧಿಕಾರ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂದು ಸಿಇಟಿಗೆ ಪರೀಕ್ಷೆ ಇಡುವುದೂ ಇದೇ ಪ್ರಾಧಿಕಾರ. ಕಾಸರಗೋಡಿನ ಹುಡುಗ ತನ್ನ ಕನ್ನಡವನ್ನು ಇವರಿಗೆ ತೋರಿಸಬೇಕು, ಇವರು ನಮಗೆ ಕನ್ನಡ ತೋರಿಸುವುದು ಬೇಡವೇ?

"ಎಂಬಿಎ ಪಾಠವೇ ಇಂಗ್ಲಿಷಿನಲ್ಲಿ, ಪರೀಕ್ಷೆ ಕನ್ನಡದಲ್ಲಿ ಏಕೆ" ಎಂದು ಕೆಲವು ಬುದ್ಧಿವಂತರು ಕೇಳುತ್ತಾರೆ. ವೈದ್ಯಕೀಯ ಪಾಠವೂ ಇಂಗ್ಲಿಷಿನಲ್ಲೇ ಅಲ್ಲವೇ ಸ್ವಾಮಿ? ಇಂಗ್ಲಿಷ್ ಭಾಷೆಯ ಪ್ರಶ್ನೆಗಳು ಇಂಗ್ಲಿಷಿನಲ್ಲೇ ಇರಲಿ, ಯಾರು ಬೇಡ ಎಂದರು? ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ, ಇವನ್ನು ಎಡಗಡೆ ಇಂಗ್ಲಿಷ್ ಬಲಗಡೆ ಕನ್ನಡ ಹಾಕಿ ಅಚ್ಚು ಮಾಡಿ. ಎಷ್ಟು ಕಷ್ಟದ ಕೆಲಸ ಅದು? ಒಂದು ಫಾರಂ ಹೆಚ್ಚಾಗಬಹುದು. ಬೇಕಾದರೆ ಕಂಪೋಸಿಂಗ್ ನಾನು ಮಾಡಿಕೊಡುತ್ತೇನೆ!

ವ್ಯಾಪಾರ ವ್ಯವಹಾರ ಕನ್ನಡದ ಬಾಯಿಗೆ ಒಗ್ಗದು ಎನ್ನುವವರು ನಮ್ಮ ಕರಾವಳಿಗೆ ಬಂದು ನೋಡಲಿ. ಇಲ್ಲೇ ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದರು. ಅದೇ ಎಂಟಿಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಬೇಯಿಸಿದರು. ಯಾವ ಎಂಬಿಎ ಕಲಿಸಿತ್ತು? 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡಿತು. ಮೀನು ಮಾರುವ ಹೆಂಗಸಿಗೆ ಅವಳ ಭಾಷೆಯಲ್ಲಿ ಉಳಿತಾಯ ಹೇಳಿಕೊಟ್ಟರು. ಅಂಥ ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು, ಅದು ಬೇರೆ ಸಂಕಟ. ಬೆಂಗಳೂರಿನ ಐಐಎಂ 1973ರಲ್ಲಿ ಶುರುವಾಯಿತು. ಜಾಗ ಕೊಟ್ಟದ್ದು ಕರ್ನಾಟಕ ಸರ್ಕಾರ, 100 ಎಕರೆ. ಆ ಬಾಗಿಲಿನ ಪರೀಕ್ಷೆಯಲ್ಲಿ ಇಷ್ಟು ವರ್ಷವಾದರೂ ಒಂದು ಸಾಲು ಕನ್ನಡ ಬಂದಿಲ್ಲ. ಮೊದಲು ನಮ್ಮದೇ ಪಿಜಿಸಿಇಟಿ ಸರಿಯಾಗಲಿ, ಆಮೇಲೆ ಅವರನ್ನೂ ಕೇಳೋಣ.

ವಿಜಯದಶಮಿಗೆ ಒಮ್ಮೆ ಕೊಲ್ಲೂರಿಗೆ ಬನ್ನಿ. ಕೇರಳದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಅಪ್ಪ ಅಮ್ಮಂದಿರು ಸರಸ್ವತಿ ಮಂಟಪದ ಹತ್ತಿರ ಮಗುವನ್ನು ತೊಡೆಯ ಮೇಲೆ ಕೂರಿಸಿ ಅಕ್ಕಿಯಲ್ಲಿ ಮೊದಲ ಅಕ್ಷರ ಬರೆಸುತ್ತಾರೆ. ಮಲಯಾಳದಲ್ಲಿ ಬರೆಸುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ, ಗೌರವವಿದೆ. ಅದೇ ಮಂಟಪದ ಎದುರು ನಮ್ಮೂರಿನವರೇ ಎಷ್ಟೋ ಜನ ಈಚೆಗೆ ಇಂಗ್ಲಿಷ್ ಅಕ್ಷರ ಬರೆಸುವುದನ್ನು ನೋಡಿದ್ದೇನೆ. ದೊಡ್ಡವನಾದ ಮೇಲೆ ಕೆಲಸಕ್ಕೆ ಬೇಕಲ್ಲ ಎನ್ನುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಇಲ್ಲದ್ದು ಎರಡು ವರ್ಷದ ಮಗುವಿನ ಬೆರಳಿನವರೆಗೆ ಹೇಗೆ ಇಳಿದು ಬಂದಿದೆ ನೋಡಿ.

ಪರೀಕ್ಷಾ ಪ್ರಾಧಿಕಾರದ ಕಾರ್ಯನಿರ್ವಾಹಕ ನಿರ್ದೇಶಕರಿಗೆ ಒಂದು ಮನವಿ ಪತ್ರ ಬರೆದು ಅಚ್ಚು ಹಾಕಿದ್ದೇನೆ. ಒಂದೇ ಪುಟ. ಕೆಳಗೆ ನಿಮ್ಮ ಹೆಸರು, ಕಾಲೇಜು, ಸಹಿ ಹಾಕಲು ಜಾಗ ಬಿಟ್ಟಿದೆ. ಪತ್ರಿಕೆ ಹಂಚುವ ಗೆಳೆಯರ ಹತ್ತಿರ ಇರುತ್ತದೆ, ಕೇಳಿ ತಗೊಳ್ಳಿ, ದುಡ್ಡಿಲ್ಲ. ವಂಡ್ಸೆಯ ಹುಡುಗನ ಸಹಿ ಮೊದಲನೆಯದು. ಹಾಗೆಯೇ ಪಿಜಿಸಿಇಟಿಯ ಹಳೇ ಪ್ರಶ್ನೆಪತ್ರಿಕೆಗಳನ್ನು ವರ್ಷವಾರು ಜೋಡಿಸಿ ಪ್ರೆಸ್ಸಿನ ಕಪಾಟಿನಲ್ಲಿ ಇಟ್ಟಿದ್ದೇನೆ. ದೇವಸ್ಥಾನಕ್ಕೆ ಬಂದವರು ಇಲ್ಲಿಗೂ ಬನ್ನಿ. ಕಾಗದದ ದುಡ್ಡು ಕೊಡಿ, ಪ್ರತಿ ತಗೊಂಡು ಹೋಗಿ. ಬೈಂಡಿಂಗ್ ನನ್ನ ಲೆಕ್ಕದ್ದು. ಆ 300 ರಟ್ಟಿನ ಸಾಲ ನನ್ನ ತಲೆಯ ಮೇಲೆ ಇನ್ನೂ ಇದೆ.