ಅಮೆರಿಕಾದ ಎರಡು ವರ್ಷದ ಪದವಿಯೂ ನಮ್ಮ ವಿದ್ಯಾನೀತಿಯೂ

ವಿದ್ಯಾಭ್ಯಾಸದ ವಿಷಯದಲ್ಲಿ ಅನ್ಯದೇಶಗಳ ಏರ್ಪಾಡುಗಳನ್ನು ಪರೀಕ್ಷಿಸಿ ಒಳ್ಳೆಯದನ್ನು ಗ್ರಹಿಸುವುದು ತಪ್ಪಲ್ಲ. ಆದರೆ ಒಂದು ಏರ್ಪಾಡಿನ ಹೆಸರನ್ನು ಮಾತ್ರ ತಂದು, ಅದಕ್ಕೆ ಆಧಾರವಾದ ಕಟ್ಟುಪಾಡುಗಳನ್ನು ಅಲ್ಲಿಯೇ ಬಿಟ್ಟುಬರುವುದು ವಿವೇಕವೆನಿಸದು. ವಿದ್ಯಾರ್ಥಿಯು ಪದವಿಯ ವ್ಯಾಸಂಗವನ್ನು ನಡುವೆ ನಿಲ್ಲಿಸಿ, ಒಂದು ವರ್ಷಕ್ಕೆ ಸರ್ಟಿಫಿಕೇಟನ್ನೋ ಎರಡು ವರ್ಷಕ್ಕೆ ಡಿಪ್ಲೊಮವನ್ನೋ ಪಡೆದು ಹೋಗಿ, ಅನುಕೂಲವಾದಾಗ ಮರಳಿ ಬರಬಹುದೆಂದು ೨೦೨೦ನೆಯ ಇಸವಿಯ ರಾಷ್ಟ್ರೀಯ ಶಿಕ್ಷಣ ನೀತಿಯು ಸೂಚಿಸಿದಂದಿನಿಂದ, ಈ ವಿಷಯವು ನಮ್ಮ ಮಹಾಜನರಿಗೂ ಅಧಿಕಾರಿವರ್ಗಕ್ಕೂ ಸಮೀಪದ್ದಾಗಿದೆ. ಎರಡು ವರ್ಷದ ವ್ಯಾಸಂಗವನ್ನು ನೂರ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಯಿಸಿ ನೋಡಿರುವ ದೇಶವು ಅಮೆರಿಕಾ ಸಂಯುಕ್ತ ಸಂಸ್ಥಾನ. ಅಲ್ಲಿನ ಕಮ್ಯೂನಿಟಿ ಕಾಲೇಜುಗಳಲ್ಲಿ ದೊರೆಯುವ ಸಾಮಾನ್ಯ ವ್ಯಾಸಂಗದ ಅಸೋಸಿಯೇಟ್ ಪದವಿಯ ಗುಣದೋಷಗಳನ್ನು ಈ ದಿನ ಪರ್ಯಾಲೋಚಿಸಲು ಉದ್ದೇಶಿಸಿದ್ದೇವೆ.

ಈ ಕಾಲೇಜುಗಳು ಬಹು ಸಣ್ಣದಾಗಿ ಆರಂಭವಾದವು. ೧೯೦೧ರಲ್ಲಿ ಇಲಿನಾಯ್ ಸೀಮೆಯ ಜೋಲಿಯೆಟ್ ಪಟ್ಟಣದಲ್ಲಿ, ಅಲ್ಲಿನ ಪ್ರೌಢಶಾಲೆಯ ಮುಖ್ಯಾಧಿಕಾರಿಗಳಾಗಿದ್ದ ಸ್ಟಾನ್ಲಿ ಬ್ರೌನ್ ಎಂಬವರೂ ಶಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಎಂಬವರೂ ಸೇರಿ ಆಲೋಚಿಸಿ, ಊರಿನ ಮಕ್ಕಳು ಊರಿನಲ್ಲಿಯೇ ಇದ್ದು ಕಾಲೇಜಿನ ಮೊದಲೆರಡು ವರ್ಷದ ಪಾಠಗಳನ್ನು ಓದುವಂತೆ ಏರ್ಪಡಿಸಿದರು. ಮೊದಲು ಸೇರಿದವರು ಆರೇ ಮಂದಿ. ೧೯೦೭ರಲ್ಲಿ ಕ್ಯಾಲಿಫೋರ್ನಿಯಾ ಇಂಥ ತರಗತಿಗಳಿಗೆ ಶಾಸನದ ಸಮ್ಮತಿಯನ್ನಿತ್ತಿತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ೧೯೪೭ರಲ್ಲಿ ವರದಿಯನ್ನೊಪ್ಪಿಸಿ, ಪ್ರಜಾಪ್ರಭುತ್ವವು ಬಾಳಬೇಕಾದರೆ ಉಚ್ಚ ವಿದ್ಯೆಯು ಸರ್ವರ ಸಮೀಪಕ್ಕೂ ಬರಬೇಕೆಂದು ಪ್ರತಿಪಾದಿಸಿತು. ಇಂದು ಇಂಥ ಕಾಲೇಜುಗಳು ಆ ದೇಶದಲ್ಲಿ ಸುಮಾರು ಒಂದು ಸಾವಿರವಿವೆ. ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ೧೧೬.

ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ ೬೦ ಕ್ರೆಡಿಟ್ಟುಗಳು ಬೇಕು. ನಾಲ್ಕು ವರ್ಷದ ಪೂರ್ಣ ಪದವಿಗೆ ೧೨೦. ಕ್ರೆಡಿಟ್ಟೆಂದರೆ ಸ್ಥೂಲವಾಗಿ ವಾರಕ್ಕೊಂದು ಗಂಟೆಯ ಪಾಠವನ್ನು ಅರ್ಧವರ್ಷದ ಅವಧಿಯಲ್ಲಿ ಓದಿ ತೇರ್ಗಡೆಯಾದುದರ ಲೆಕ್ಕ. ಸಾಮಾನ್ಯ ವ್ಯಾಸಂಗದ ಪದವಿಯಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಇವುಗಳಲ್ಲಿ ಕೆಲವು ಪಾಠಗಳು ಮಾತ್ರ ಕಡ್ಡಾಯವಾಗಿದ್ದು, ಮಿಕ್ಕವನ್ನು ವಿದ್ಯಾರ್ಥಿಯು ತನ್ನ ಇಷ್ಟದಂತೆ ಆರಿಸಿಕೊಳ್ಳಬಹುದು. ಹಗಲು ದುಡಿದು ರಾತ್ರಿ ಓದುವವನಿಗೂ, ಮಕ್ಕಳನ್ನು ಸಾಕುತ್ತ ಒಂದೊಂದೇ ಪಾಠವನ್ನು ಮುಗಿಸುವ ತಾಯಿಗೂ, ಹಿಂದೆ ಎಲ್ಲೆಲ್ಲಿಯೋ ಗಳಿಸಿದ ಕ್ರೆಡಿಟ್ಟುಗಳನ್ನು ಒಟ್ಟುಗೂಡಿಸಬೇಕೆನ್ನುವವನಿಗೂ ಇದು ಅನುಕೂಲವಾದದ್ದೇ. ಇಂಥವರ ಪದವಿಯನ್ನು ಅರ್ಧ ಪದವಿಯೆಂದು ಹಾಸ್ಯಮಾಡುವವರ ಪಕ್ಷವನ್ನು ನಾವು ಸರ್ವಥಾ ವಹಿಸುವುದಿಲ್ಲ.

ಆದರೆ ಸೇರಿದವರ ಪೈಕಿ ದಡ ಮುಟ್ಟಿದವರೆಷ್ಟು ಎಂಬುದನ್ನೂ ನೋಡತಕ್ಕದ್ದು. ಈ ಕಾಲೇಜುಗಳನ್ನು ಹೊಸದಾಗಿ ಸೇರುವವರಲ್ಲಿ ಬಹುಭಾಗದವರು ಪೂರ್ಣ ಪದವಿಯನ್ನು ಬಯಸುವವರೇ. ನಾಲ್ಕು ವರ್ಷದ ಸಂಸ್ಥೆಗಳಿಗೆ ಮುಂದುವರಿಯುವವರು ಸುಮಾರು ಮೂವರಲ್ಲೊಬ್ಬರು. ಆರು ವರ್ಷಗಳೊಳಗಾಗಿ ಪೂರ್ಣ ಪದವಿಯನ್ನು ಪಡೆಯುವವರು ಸುಮಾರು ಆರರಲ್ಲೊಬ್ಬರು. ೨೦೦೪ರಿಂದ ೨೦೦೯ರ ವರೆಗೆ ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಹೋದ ವಿದ್ಯಾರ್ಥಿಗಳು ತಾವು ಗಳಿಸಿದ್ದ ಕ್ರೆಡಿಟ್ಟುಗಳಲ್ಲಿ ಸರಾಸರಿ ನೂರಕ್ಕೆ ೪೩ರಷ್ಟನ್ನು ಕಳೆದುಕೊಂಡರೆಂದು ಅಲ್ಲಿನ ಕೇಂದ್ರ ಸರ್ಕಾರದ ಪರಿಶೋಧನಾ ಕಚೇರಿಯು ೨೦೧೭ರಲ್ಲಿ ಅಂದಾಜುಮಾಡಿತು. ಕಳೆದುಹೋದದ್ದು ಕಾಗದದ ಮೇಲಿನ ಅಂಕಿಯಲ್ಲ. ಬಡವರು ಕೂಲಿಯಿಂದ ಉಳಿಸಿ ಕಟ್ಟಿದ ಫೀಜು, ಮತ್ತೆ ಬಾರದ ವಯಸ್ಸು.

ಹೀಗಾಗುವುದಕ್ಕೆ ವಿದ್ಯಾರ್ಥಿಯ ಆಲಸ್ಯವೇ ಕಾರಣವೆನ್ನುವುದು ಸುಲಭ, ನ್ಯಾಯವಲ್ಲ. ಹುಂಡಿಯನ್ನು ಬರೆದುಕೊಡುವವನಿದ್ದರೆ ಸಾಲದು. ಅದನ್ನು ಮಾನ್ಯಮಾಡಿ ಹಣವನ್ನೆಣಿಸುವ ಸಾಹುಕಾರನು ಪರವೂರಿನಲ್ಲಿರಬೇಕು. ಕ್ರೆಡಿಟ್ಟೂ ಅಂಥದೇ ಒಂದು ಹುಂಡಿ. ಇಷ್ಟದಂತೆ ಆರಿಸಿದ ಪಾಠಗಳು ಮುಂದಿನ ವಿಶ್ವವಿದ್ಯಾನಿಲಯದ ಪಠ್ಯಕ್ರಮಕ್ಕೆ ಹೊಂದದಿದ್ದರೆ ಅಲ್ಲಿ ಅವು ನಡೆಯವು. ಎಲ್ಲಕ್ಕಿಂತ ಸಡಿಲವಾದ ಸಾಮಾನ್ಯ ವ್ಯಾಸಂಗದ ಪದವಿಯೇ ಈ ಅಪಾಯಕ್ಕೆ ಹೆಚ್ಚಾಗಿ ಗುರಿಯಾದದ್ದು. ಸಮಾಜಶಾಸ್ತ್ರಜ್ಞರಾದ ಬರ್ಟನ್ ಕ್ಲಾರ್ಕರು ೧೯೬೦ರಷ್ಟು ಹಿಂದೆಯೇ, ಈ ಕಾಲೇಜುಗಳು ಬಾಗಿಲನ್ನು ಎಲ್ಲರಿಗೂ ತೆರೆದು, ಒಳಗೆ ಬಂದವರ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸುವ ಕೆಲಸವನ್ನೂ ಮಾಡುತ್ತವೆಂದು ತೋರಿಸಿದ್ದರು.

ಇದಕ್ಕೆ ಪರಿಹಾರವೇನೆಂಬುದನ್ನೂ ಅಮೆರಿಕಾದವರೇ ಕಂಡುಕೊಂಡಿದ್ದಾರೆ. ಫ್ಲಾರಿಡಾದಲ್ಲಿ ೧೯೭೧ರ ಒಡಂಬಡಿಕೆಯಂತೆ, ಕಮ್ಯೂನಿಟಿ ಕಾಲೇಜಿನಲ್ಲಿ ಆರ್ಟ್ಸ್ ಅಸೋಸಿಯೇಟ್ ಪದವಿಯನ್ನು ಪಡೆದವರಿಗೆ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶದ ಭರವಸೆಯಿದೆ. ಪಾಠಗಳಿಗೂ ಆ ಸೀಮೆಯಲ್ಲೆಲ್ಲ ಏಕರೀತಿಯ ಸಂಖ್ಯೆಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ೨೦೧೦ರ ಶಾಸನವು, ವರ್ಗಾವಣೆಗೆಂದೇ ರಚಿತವಾದ ಅಸೋಸಿಯೇಟ್ ಪದವಿಯನ್ನು ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಥಾನವನ್ನು ಕಾದಿರಿಸಿತು. ಟೆನಿಸ್ಸಿಯು ೨೦೧೪ರ ಶಾಸನದಿಂದ ಇತರ ವಿದ್ಯಾರ್ಥಿವೇತನಗಳು ಹೋಗಿ ಉಳಿಯುವ ಫೀಜನ್ನು ತಾನೇ ಭರಿಸಿ, ಪ್ರತಿಯೊಬ್ಬನಿಗೂ ಒಬ್ಬ ಮಾರ್ಗದರ್ಶಕನನ್ನು ಗೊತ್ತುಮಾಡಿತು. ಸ್ವಾತಂತ್ರ್ಯವನ್ನು ಕಟ್ಟುಪಾಡು ಕಾಪಾಡಿದಲ್ಲಿ ಮಾತ್ರ ಅದು ವಿದ್ಯಾರ್ಥಿಗೆ ಪ್ರಯೋಜನಕಾರಿಯಾಯಿತೆಂಬುದು ಇವುಗಳ ತಾತ್ಪರ್ಯ.

ಇನ್ನು ನಮ್ಮ ರಾಜ್ಯದ ಸಂಗತಿ. ೨೦೨೧ರ ಆಗಸ್ಟಿನಲ್ಲಿ ಕರ್ನಾಟಕವು ದೇಶದಲ್ಲಿಯೇ ಮೊದಲನೆಯದಾಗಿ ಹೊಸ ನೀತಿಯನ್ನು ಪದವಿಯ ತರಗತಿಗಳಲ್ಲಿ ಜಾರಿಗೆ ತಂದಿತು. ೨೦೨೪ರ ಮೇ ತಿಂಗಳಲ್ಲಿ, ಪ್ರೊಫೆಸರ್ ಸುಖದೇವ ಥೋರಾಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ, ಮೂರು ವರ್ಷದ ಪದವಿಯನ್ನೇ ಪುನಃ ಸ್ಥಾಪಿಸಿತು. ಮೂರು ವರ್ಷಗಳೊಳಗಾಗಿ ಎರಡು ವಿಧಿ! ಯಾವುದು ಶ್ರೇಷ್ಠವೆಂಬ ವಾದದಲ್ಲಿ ಪಕ್ಷಗಳು ಕಾಲ ಕಳೆದವು. ಮಧ್ಯೆ ಬಿಟ್ಟುಹೋಗುವ ಹಳ್ಳಿಯ ಹುಡುಗಿ ಮರಳಿ ಬಂದರೆ ಅವಳ ಎರಡು ವರ್ಷದ ಓದಿಗೆ ಬೆಲೆ ಕೊಡುವವರು ಯಾರೆಂಬ ಪ್ರಶ್ನೆಗೆ ಮಾತ್ರ ಎರಡೂ ಪಕ್ಷಗಳು ಸ್ಪಷ್ಟವಾದ ಉತ್ತರವನ್ನು ಕೊಡಲಿಲ್ಲ. ನೀತಿ ಬದಲಾದ ಮಾತ್ರಕ್ಕೆ ಮನೆಯ ಕಷ್ಟ, ಮದುವೆ, ದುಡಿಮೆ ಇವುಗಳಿಂದ ಓದು ನಿಲ್ಲುವುದು ನಿಲ್ಲಲಿಲ್ಲ. ೨೦೨೧ರಲ್ಲಿ ಯೂನಿವರ್ಸಿಟಿ ಗ್ರಾಂಟ್ಸ್ ಕಮಿಷನ್ನಿನವರು ನಿಯಮ ರಚಿಸಿ ಕ್ರೆಡಿಟ್ಟುಗಳನ್ನು ಜಮಾ ಇಡುವ ಖಾತೆಯನ್ನೇನೋ ತೆರೆದಿದ್ದಾರೆ. ಖಾತೆಯಲ್ಲಿ ಜಮೆಯಿರುವುದು ಬೇರೆ, ಅದನ್ನು ಮತ್ತೊಂದು ವಿಶ್ವವಿದ್ಯಾನಿಲಯವು ಮನಃಪೂರ್ವಕವಾಗಿ ಸ್ವೀಕರಿಸುವುದು ಬೇರೆ.

ಆದಕಾರಣ ನಾವು ಸರ್ಕಾರದವರಲ್ಲಿಯೂ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳಲ್ಲಿಯೂ ಮೂರು ಮಾತುಗಳನ್ನು ನಿವೇದಿಸುತ್ತೇವೆ. ಮೊದಲನೆಯದಾಗಿ, ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳೆಲ್ಲ ಮೊದಲೆರಡು ವರ್ಷದ ಪಾಠಗಳಲ್ಲಿ ಯಾವುವು ಪರಸ್ಪರ ಸಮಾನವೆಂಬ ಪಟ್ಟಿಯನ್ನು ಒಪ್ಪಿಕೊಂಡು, ಅದಕ್ಕೆ ಶಾಸನದ ಬಲವನ್ನು ಕೊಡಿಸಬೇಕು. ಎರಡನೆಯದಾಗಿ, ಫೀಜನ್ನು ತೆಗೆದುಕೊಳ್ಳುವುದಕ್ಕೆ ಮುಂಚೆಯೇ, ಯಾವ ಪಾಠವು ಎಲ್ಲಿ ಸಲ್ಲುವುದೆಂಬುದನ್ನು ಕನ್ನಡದಲ್ಲಿ ಬರೆದು ವಿದ್ಯಾರ್ಥಿಯ ಕೈಗೆ ಕೊಡಬೇಕು. ಮೂರನೆಯದಾಗಿ, ಬಿಟ್ಟುಹೋದವರೆಷ್ಟು, ಮರಳಿ ಬಂದವರೆಷ್ಟು ಎಂಬ ಲೆಕ್ಕವನ್ನು ಪ್ರತಿಯೊಂದು ಕಾಲೇಜೂ ವರ್ಷಂಪ್ರತಿ ಪ್ರಕಟಿಸಬೇಕು. ಇವುಗಳಿಗೆ ಹೆಚ್ಚಿನ ದ್ರವ್ಯವೇನೂ ಬೇಕಾಗಿಲ್ಲ. ಸಂಸ್ಥೆಗಳು ತಮ್ಮ ಪ್ರತಿಷ್ಠೆಯನ್ನು ಕೊಂಚ ಸಡಿಲಿಸಿದರೆ ಸಾಕು.

ಮಕ್ಕಳನ್ನು ಅಮೆರಿಕಾದ ಇಂಥ ಕಾಲೇಜುಗಳಿಗೆ ಕಳುಹಿಸಲಿಚ್ಛಿಸುವ ತಂದೆತಾಯಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಊರವರಿಗಿರುವ ಅಲ್ಪ ಫೀಜು ಪರದೇಶದವರಿಗಿಲ್ಲ. ಎರಡು ವರ್ಷದ ಪದವಿಯು ಬಿ.ಎ.ಗೆ ಸಮನೂ ಅಲ್ಲ. ಮುಂದಿನ ವಿಶ್ವವಿದ್ಯಾನಿಲಯದ ಲಿಖಿತ ಒಪ್ಪಂದವನ್ನು ನೋಡದೆ ಹಣ ಕಟ್ಟಬಾರದು.

ಸ್ವರಾಜ್ಯದಲ್ಲಿ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದರಲ್ಲಿ ಎರಡು ಅಭಿಪ್ರಾಯವಿಲ್ಲ. ತೆರೆದ ಬಾಗಿಲಿನಿಂದ ಒಳಗೆ ಬಂದವನು ಎರಡು ವರ್ಷ ದುಡಿದು ಗಳಿಸಿದ್ದನ್ನು ಮುಂದಿನ ಬಾಗಿಲಿನಲ್ಲಿ ಕಸಿದುಕೊಳ್ಳದಂತೆ ಕಾಯುವ ಹೊಣೆಯು ಸರ್ಕಾರದ್ದು. ಆ ಹೊಣೆಯನ್ನು ಹೊರದೆ ನೀತಿಗಳನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲವೆಂಬುದೇ ನಮ್ಮ ನಿಶ್ಚಿತವಾದ ಅಭಿಪ್ರಾಯ.